‘ನಾಯಿ ತಾನೇ’ ಎನ್ನುವವರಿಗೂ ‘ಪ್ರೀತಿಯಿದ್ದರೆ’ ಎನ್ನುವವರಿಗೂ



ಕಾಲು ಕತ್ತರಿಸಿದ ನಾಯಿಗೆ ಕ್ಯಾನ್ಸರ್ ಚಿಕಿತ್ಸೆ ಮುಂದುವರಿಸಬೇಕೇ ಬೇಡವೇ ಎಂಬುದು ಬರೆಯುವಷ್ಟು ದೊಡ್ಡ ವಿಷಯವೇ ಎಂದು ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಕಳೆದೆರಡು ವರ್ಷಗಳಲ್ಲಿ ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರಗಳಲ್ಲಿರುವ ನನ್ನ ಬಂಧುಗಳೂ ಹಳೆಯ ವಿದ್ಯಾರ್ಥಿಗಳೂ ಈ ವಿಷಯದಲ್ಲಿ ನನಗೆ ನೀಡಿದ ಉಪದೇಶಗಳನ್ನು ಒಟ್ಟುಗೂಡಿಸಿದರೆ ಒಂದು ಪುಸ್ತಕವೇ ಆದೀತು. ಆ ಉಪದೇಶಗಳಲ್ಲಿ ಮೂರನ್ನು ನಾನು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲವೆಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬಯಸುತ್ತೇನೆ.

ಹಿನ್ನೆಲೆ ಇಷ್ಟು. ನಮ್ಮ ಮನೆಯ ಭೈರ ಎತ್ತರದ ಆಳು, ಹತ್ತು ವರ್ಷದವನು. 2024ರ ಶ್ರಾವಣದಲ್ಲಿ ಅವನ ಮುಂಗಾಲಿನ ಮಣಿಕಟ್ಟಿನ ಮೇಲೆ ಬಾವು ಕಾಣಿಸಿಕೊಂಡಿತು. ಉಳುಕೆಂದು ಭಾವಿಸಿದ ಕುಂಟು ವಾಸಿಯಾಗಲಿಲ್ಲ. ಪರೀಕ್ಷೆಗಳು ಮುಗಿದ ಮೇಲೆ ತಿಳಿದುಬಂದದ್ದು ಆಸ್ಟಿಯೋಸಾರ್ಕೋಮ, ಅಂದರೆ ಮೂಳೆಯ ಕ್ಯಾನ್ಸರ್. ನಾಯಿಗಳ ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಇದೇ ಅತಿ ಸಾಮಾನ್ಯ. ಹೆಚ್ಚಾಗಿ ದೊಡ್ಡ ಗಾತ್ರದ ನಾಯಿಗಳನ್ನೇ ಕಾಡುತ್ತದೆ. ಕಾಲನ್ನು ತೆಗೆಸಿದೆವು. ಉಪದೇಶಗಳು ಆರಂಭವಾದದ್ದು ಆಗ.

ಮೊದಲನೆಯ ಮಾತು ನನ್ನ ಹೆಂಡತಿಯ ತಮ್ಮನದು: "ಭಾವ, ನಾಯಿ ತಾನೇ? ಅದಕ್ಕೆ ಆಪರೇಷನ್ ಬೇರೆಯೇ? ಆ ದುಡ್ಡಿನಲ್ಲಿ ಒಬ್ಬ ಬಡಹುಡುಗನ ಫೀಸು ಕಟ್ಟಬಹುದಿತ್ತು." ಈ ವಾದಕ್ಕೆ ಧರ್ಮದ ವೇಷವಿದೆ, ಆದರೆ ಧರ್ಮವಿಲ್ಲ. ಮಗಳ ಮದುವೆಯಲ್ಲಿ ಮೂರು ದಿನ ದೀಪಾಲಂಕಾರ ಮಾಡಿಸಿದವರು ಬಡಹುಡುಗನನ್ನು ನೆನೆಯುವುದು ನಾಯಿಯ ಚಿಕಿತ್ಸೆಯ ಹೊತ್ತಿಗೆ ಮಾತ್ರ. ಬಡಹುಡುಗನಿಗೆ ಕೊಡಬೇಕಾದದ್ದನ್ನು ಕೊಡಲೇಬೇಕು. ಅದಕ್ಕೆ ಅಡ್ಡ ಬಂದಿರುವುದು ಭೈರನ ಕಾಲಲ್ಲ. ಸಾಲ ಮಾಡಿಯಾದರೂ ಚಿಕಿತ್ಸೆ ಕೊಡಿಸಿರೆಂದು ನಾನು ಯಾರಿಗೂ ಹೇಳುವುದಿಲ್ಲ. ಕೈಯಲ್ಲಿ ಹಣವಿಲ್ಲದವನು ನಾಚಬೇಕಾದ ಕಾರಣವೂ ಇಲ್ಲ. ಆದರೆ ಹಣವಿಲ್ಲವೆಂಬುದು ಒಂದು ಮಾತು, ನಾಯಿಯ ನೋವು ನೋವೇ ಅಲ್ಲವೆಂಬುದು ಬೇರೆಯದೇ ಮಾತು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 3ನೆಯ ಸೆಕ್ಷನ್, ಪ್ರಾಣಿಯನ್ನು ಇಟ್ಟುಕೊಂಡವನು ಅದಕ್ಕೆ ಅನಗತ್ಯ ನೋವಾಗದಂತೆ ನೋಡಿಕೊಳ್ಳಬೇಕಾದುದು ಅವನ ಕರ್ತವ್ಯವೆಂದು ವಿಧಿಸುತ್ತದೆ.

ಕಾನೂನಿನವರೆಗೂ ಹೋಗಬೇಕಾಗಿಲ್ಲ. ಚನ್ನಪಟ್ಟಣದ ಮಗ್ಗುಲಲ್ಲೇ ಇರುವ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 949-50ರಲ್ಲಿ ಕೆತ್ತಿಸಿದ ಶಾಸನವನ್ನು ನೆನೆಯಿರಿ. ಗಂಗರ ಬೂತುಗನಿಂದ ಮಣಲೇರನೆಂಬ ವೀರ ಮೆಚ್ಚುಗೆಯಾಗಿ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿ ಸತ್ತಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ದತ್ತಿ ಬಿಟ್ಟರು. ಚನ್ನಪಟ್ಟಣ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಯಲ್ಲಿ 2010ರಲ್ಲಿ ನಾಯಿಗಳಿಗೇ ಒಂದು ಗುಡಿ ಕಟ್ಟಿದ್ದಾರೆ, ಅಲ್ಲಿ ಪೂಜೆಯೂ ನಡೆಯುತ್ತದೆ. ಕಲ್ಲಿನ ನಾಯಿಗೆ ಹೂವೇರಿಸಿ ಬಂದವರೇ ಉಸಿರಾಡುವ ನಾಯಿಯನ್ನು ಕುರಿತು "ನಾಯಿ ತಾನೇ" ಎನ್ನುವುದು ನನಗೆ ಅರ್ಥವಾಗದ ಭಕ್ತಿ.

ಎರಡನೆಯ ಮಾತು: "ಮೂರು ಕಾಲಿನಲ್ಲಿ ಕುಪ್ಪಳಿಸುವುದನ್ನು ನೋಡಲಾಗುವುದಿಲ್ಲ ಮೇಷ್ಟ್ರೇ, ಮೊದಲೇ ಒಂದು ಇಂಜೆಕ್ಷನ್ ಕೊಡಿಸಬೇಕಿತ್ತು." ಇದನ್ನು ಹೇಳಿದವನು ನನ್ನ ಅಚ್ಚುಮೆಚ್ಚಿನ ವಿದ್ಯಾರ್ಥಿ. ಅವನ ಕರುಣೆಯಲ್ಲಿ ನನಗೆ ಸಂದೇಹವಿಲ್ಲ. ಆದರೆ ಇಲ್ಲಿ ನೋಡಲಾಗದವನು ಯಾರು? ನೋಡುವವನು. ನಾಯಿಯಲ್ಲ. ಈ ಕ್ಯಾನ್ಸರ್ ಮೂಳೆಯನ್ನು ಒಳಗಿನಿಂದ ತಿನ್ನುತ್ತದೆ. ನಡೆದಾಡುವಾಗಲೇ ಮೂಳೆ ಮುರಿಯಬಹುದು. ಆ ನೋವು ಸಾಧಾರಣ ಮಾತ್ರೆಗಳಿಗೆ ಬಗ್ಗುವಂಥದ್ದಲ್ಲ. ಕಾಲು ತೆಗೆಯುವುದರ ಮುಖ್ಯ ಉದ್ದೇಶ ಆ ನೋವಿನ ಮೂಲವನ್ನೇ ತೆಗೆಯುವುದು. ನಾಯಿ ತನ್ನ ಭಾರದ ಸುಮಾರು 60 ಪಾಲನ್ನು ಮುಂಗಾಲುಗಳ ಮೇಲೆ ಹೊರುವುದರಿಂದ ಮುಂಗಾಲು ಹೋದರೆ ಹೊಂದಿಕೊಳ್ಳುವುದು ತುಸು ಕಷ್ಟ. ಆದರೂ ಬಹುತೇಕ ನಾಯಿಗಳು ಕೆಲವೇ ವಾರಗಳಲ್ಲಿ ಮೂರು ಕಾಲಿನ ನಡಿಗೆಯನ್ನು ಕಲಿಯುತ್ತವೆ. ಉಳಿದ ಕಾಲುಗಳ ಕೀಲುಗಳು ತೀರ ಸವೆದಿದ್ದರೆ ಮಾತ್ರ ವೈದ್ಯರು ಹಿಂಜರಿಯುತ್ತಾರೆ. ಭೈರನಿಗೆ ಕನ್ನಡಿಯ ಚಿಂತೆ ಇರಲಿಲ್ಲ, ಊರವರು ಏನೆನ್ನುವರೋ ಎಂಬ ಅಳುಕೂ ಇರಲಿಲ್ಲ. ನಮಗಿರುವ ಸಂಕೋಚವನ್ನು ಅವನ ಕೊರಳಿಗೆ ಕಟ್ಟುವುದು ನ್ಯಾಯವಲ್ಲ.

ಮೂರನೆಯ ಮಾತೇ ನನ್ನನ್ನು ಹೆಚ್ಚು ಕೆಣಕಿದ್ದು. ಅಮೆರಿಕದಲ್ಲಿರುವ ನನ್ನ ಸೋದರಳಿಯ ಫೋನಿನಲ್ಲಿ ಹೇಳಿದ: "ಮಾವ, ಕಾಲು ತೆಗೆಸಿ ಕೀಮೋ ಮಾಡಿಸದಿದ್ದರೆ ಅರ್ಧಕ್ಕೆ ಬಿಟ್ಟಂತೆ. ಪ್ರೀತಿಯಿದ್ದರೆ ಪೂರ್ತಿ ಮಾಡಿಸುತ್ತಿದ್ದಿರಿ. ಹಣ ನಾನು ಕಳಿಸುತ್ತೇನೆ." ಹಣ ಕಳಿಸುವ ಮನಸ್ಸು ದೊಡ್ಡದೇ. ಆದರೆ ಈ ವಾದದಲ್ಲಿ ಎರಡು ದೋಷಗಳಿವೆ.

ಮೊದಲ ದೋಷ ಲೆಕ್ಕದ್ದು. ಒಂಬತ್ತನೆಯ ತರಗತಿಯಲ್ಲಿ ನಾನು ಕಲಿಸಿದ ಮಧ್ಯಾಂಕ ನಿಮಗೆ ನೆನಪಿರಬಹುದು: ಅರ್ಧದಷ್ಟು ಅದಕ್ಕಿಂತ ಕೆಳಗೆ, ಅರ್ಧದಷ್ಟು ಮೇಲೆ. ಕಾಲು ತೆಗೆದು ಮತ್ತೇನೂ ಮಾಡದ ನಾಯಿಗಳ ಆಯುಸ್ಸಿನ ಮಧ್ಯಾಂಕ ಸುಮಾರು 4ರಿಂದ 5 ತಿಂಗಳು. ಜೊತೆಗೆ ಕಾರ್ಬೋಪ್ಲಾಟಿನ್‌ನಂತಹ ಔಷಧಿ ಕೊಟ್ಟರೆ ಸುಮಾರು 10ರಿಂದ 12 ತಿಂಗಳು. ಎರಡು ವರ್ಷ ದಾಟುವುದು ಐದರಲ್ಲಿ ಸುಮಾರು ಒಂದು. ಕಾರಣವೇನೆಂದರೆ, ರೋಗ ಪತ್ತೆಯಾಗುವ ಹೊತ್ತಿಗೆ 100ರಲ್ಲಿ ಸುಮಾರು 90 ನಾಯಿಗಳಲ್ಲಿ ಅದು ಕಣ್ಣಿಗೆ ಕಾಣದ ಕಣಗಳಾಗಿ ಶ್ವಾಸಕೋಶ ಮೊದಲಾದೆಡೆ ಹರಡಿಬಿಟ್ಟಿರುತ್ತದೆ. ಎದೆಯ ಎಕ್ಸ್ ರೇ ಶುಭ್ರವಾಗಿದ್ದರೂ ಅಷ್ಟೇ. ಹಾಗಾಗಿ ಕೀಮೋ ಎಂಬುದು ‘ಪೂರ್ತಿ ಮಾಡುವ’ ಕೆಲಸವಲ್ಲ, ಬಹುಪಾಲು ಕಾಲಾವಕಾಶವನ್ನು ಪಡೆಯುವ ಕೆಲಸ. ಆ ಅವಕಾಶ ಸಣ್ಣದೆಂದು ನಾನು ಹೇಳುತ್ತಿಲ್ಲ. ನಾಯಿಯ ಬಾಳಿನಲ್ಲಿ ಆರು ತಿಂಗಳು ಬಹಳ ದೊಡ್ಡದು. ಆದರೆ ಅದನ್ನು ಗುಣಪಡಿಸುವಿಕೆ ಎಂದು ಕರೆಯಬಾರದು.

ಎರಡನೆಯ ದೋಷ ಪ್ರೀತಿಯನ್ನು ಅಳೆಯುವ ಬಗೆಯದು. ಔಷಧಿಯನ್ನು ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆಯಂತೆ ನಾಲ್ಕರಿಂದ ಆರು ಸಲ ರಕ್ತನಾಳಕ್ಕೆ ಕೊಡುತ್ತಾರೆ, ನಡುನಡುವೆ ರಕ್ತಪರೀಕ್ಷೆಗಳು. ಇದಕ್ಕಾಗಿ ನಾವು ಮಾಗಡಿಯಿಂದ ಸುಮಾರು 50 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿಬರಬೇಕು. ಭೈರನಿಗೆ ವಾಹನವೆಂದರೆ ಮರಿಯಾಗಿದ್ದಾಗಿನಿಂದಲೂ ಪ್ರಾಣಭಯ. ಹತ್ತಿಸಿದೊಡನೆ ನಡುಗುತ್ತಾನೆ, ಜೊಲ್ಲು ಸುರಿಸುತ್ತಾನೆ, ಮನೆಗೆ ಮರಳಿದ ಮೇಲೂ ಒಂದು ದಿನ ಮಂಚದ ಕೆಳಗಿನಿಂದ ಹೊರಬರುವುದಿಲ್ಲ. ಸಿಗಬಹುದಾದ ತಿಂಗಳುಗಳಿಗೆ ಬೆಲೆ ತೆರಬೇಕಾದವನು ಅವನೇ, ಅದೂ ಭಯದ ನಾಣ್ಯದಲ್ಲಿ. ‘ಇದು ನಿನ್ನ ಒಳ್ಳೆಯದಕ್ಕೇ ಕಣೋ’ ಎಂದು ಅವನಿಗೆ ತಿಳಿಸಿಹೇಳುವ ಭಾಷೆ ನಮ್ಮಲ್ಲಿಲ್ಲ. ಮನುಷ್ಯ ರೋಗಿ ಮೊಮ್ಮಗಳ ಮದುವೆ ನೋಡುವ ಆಸೆಯಿಂದ ಇಂದಿನ ವಾಂತಿಯನ್ನು ಸಹಿಸುತ್ತಾನೆ. ನಾಯಿಗೆ ಇಂದಿನ ದಿನ ಮಾತ್ರವಿದೆ. ಆದ್ದರಿಂದ ನಾವು ಕೀಮೋ ಬೇಡವೆಂದೆವು, ನೋವಿನ ಔಷಧಿಯನ್ನೂ ಸಂಜೆಯ ನಿಧಾನದ ತಿರುಗಾಟವನ್ನೂ ಆರಿಸಿಕೊಂಡೆವು. ಅವನು ಐದೂವರೆ ತಿಂಗಳು ಬದುಕಿದ.

ಇದರಿಂದ ನಾನು ಕೀಮೋ ವಿರೋಧಿಯೆಂದು ತಿಳಿಯಬೇಡಿ. ಚನ್ನಪಟ್ಟಣದಲ್ಲಿರುವ ನನ್ನ ವಿದ್ಯಾರ್ಥಿನಿಯೊಬ್ಬಳ ಮನೆಯ ಐದು ವರ್ಷದ ನಾಯಿಗೂ ಇದೇ ರೋಗ, ಇದೇ ಶಸ್ತ್ರಚಿಕಿತ್ಸೆ. ಆ ನಾಯಿಗೆ ಕಾರಿನ ಬಾಗಿಲು ತೆರೆದರೆ ಹಬ್ಬ. ಆಕೆ ನನ್ನ ಸಲಹೆ ಕೇಳಿದಾಗ "ಮಾಡಿಸಮ್ಮ" ಎಂದೆ. ಮನುಷ್ಯರಲ್ಲಿ ಕಂಡ ಕೀಮೋವನ್ನು ನೆನೆದು ಬೆಚ್ಚಬೇಕಾಗಿಲ್ಲ. ನಾಯಿಗಳಿಗೆ ಕೊಡುವ ಪ್ರಮಾಣವನ್ನೇ ಸಂಕಟ ಕಡಿಮೆಯಾಗುವಂತೆ ನಿಗದಿಪಡಿಸುತ್ತಾರೆ. ಹೆಚ್ಚಿನವುಗಳಿಗೆ ಒಂದೆರಡು ದಿನದ ಮಂಕು, ಹಸಿವು ಕಡಿಮೆ, ಕೆಲವೊಮ್ಮೆ ವಾಂತಿಭೇದಿ, ಅಷ್ಟೇ. ಬಹುತೇಕ ತಳಿಗಳಲ್ಲಿ ಕೂದಲೂ ಉದುರುವುದಿಲ್ಲ. ಔಷಧಿ ಕೊಟ್ಟ ಕೆಲವು ದಿನ ಮಲಮೂತ್ರವನ್ನು ಕೈಗವಸು ಹಾಕಿಯೇ ಶುಚಿಗೊಳಿಸಬೇಕು, ಗರ್ಭಿಣಿಯರನ್ನೂ ಮಕ್ಕಳನ್ನೂ ಅದರಿಂದ ದೂರವಿಡಬೇಕು. ಒಂದೇ ಅಳತೆಗೋಲು ಎರಡು ಮನೆಗಳಲ್ಲಿ ಎರಡು ಉತ್ತರ ಕೊಟ್ಟಿತು. ಅಳತೆಗೋಲು ಸರಿಯಾಗಿದ್ದರೆ ಉತ್ತರಗಳು ಬೇರೆಯಾಗುವುದು ದೋಷವಲ್ಲ.

ಇನ್ನು ಧರ್ಮರಾಯನ ಉದಾಹರಣೆಯನ್ನು ಎಲ್ಲರೂ ಎತ್ತುತ್ತಾರೆ. ಮಹಾಪ್ರಸ್ಥಾನದಲ್ಲಿ ನಾಯಿಯನ್ನು ಬಿಟ್ಟು ಇಂದ್ರನ ರಥವೇರಲು ಅವನು ಒಪ್ಪಲಿಲ್ಲ. ನಿಜ. ಆದರೆ ಅವನ ಮುಂದಿದ್ದ ಪ್ರಶ್ನೆ ಆ ನಾಯಿಯ ಆಯುಸ್ಸನ್ನು ಎಷ್ಟು ಬೆಳೆಸಬೇಕೆಂಬುದಲ್ಲ, ನಂಬಿಬಂದದ್ದನ್ನು ಕೈಬಿಡಬೇಕೇ ಎಂಬುದು. ಈ ಎರಡನ್ನೂ ಬೆರೆಸಿದ್ದರಿಂದಲೇ ಇಷ್ಟೆಲ್ಲ ಗೊಂದಲ. ಕೀಮೋ ಬೇಡವೆಂದವನು ಕೈಬಿಟ್ಟವನಲ್ಲ. ಕೀಮೋ ಮಾಡಿಸಿಯೂ ನಾಯಿಯನ್ನು ಆಳಿಗೊಪ್ಪಿಸಿ ವಾರಗಟ್ಟಲೆ ಮುಖ ನೋಡದವನು ಕೈಬಿಟ್ಟವನೇ.

ಕೊನೆಯದಾಗಿ, ಇಂಥ ಸಂದರ್ಭ ನಿಮ್ಮ ಮನೆಗೂ ಬಂದರೆ ಮೂರು ಕೆಲಸ ಮಾಡಿ. ಒಂದು, ಬಯಾಪ್ಸಿ ವರದಿಯಿಲ್ಲದೆ ಕ್ಯಾನ್ಸರ್ ಎಂಬ ಮಾತನ್ನು ಒಪ್ಪಬೇಡಿ, ಮೂಳೆಯ ಬಾವಿಗೆ ಸೋಂಕೂ ಕಾರಣವಾಗಬಲ್ಲದು. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಆಗದಿದ್ದರೆ, 1958ರಿಂದ ಹೆಬ್ಬಾಳದಲ್ಲಿ ನಡೆದುಬಂದಿರುವ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಎರಡು, ವೈದ್ಯರನ್ನು ‘ಉಳಿಯುತ್ತದೆಯೇ’ ಎಂದು ಕೇಳಬೇಡಿ, ‘ಎಷ್ಟು ತಿಂಗಳು, ಎಂಥ ತಿಂಗಳು’ ಎಂದು ಕೇಳಿ. ಮೂರು, ಚಿಕಿತ್ಸೆ ಆರಂಭಿಸುವ ಮೊದಲೇ ಎಲ್ಲಿ ನಿಲ್ಲಿಸಬೇಕೆಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿ: ಎಷ್ಟು ದಿನ ಊಟ ಬಿಟ್ಟರೆ, ಉಸಿರು ಎಷ್ಟು ಕಷ್ಟವಾದರೆ, ಬಾಲ ಅಲ್ಲಾಡುವುದು ನಿಂತು ಎಷ್ಟು ದಿನವಾದರೆ. ಆ ಹಾಳೆಯನ್ನು ಮನಸ್ಸು ಸಮಾಧಾನದಲ್ಲಿರುವಾಗ ಬರೆಯಬೇಕು. ಏಕೆಂದರೆ ಆ ದಿನ ಬಂದಾಗ ನಿಮ್ಮ ಕಣ್ಣೀರು ‘ಇನ್ನೊಂದು ವಾರ’ ಎಂದು ಬೇಡುತ್ತದೆ, ಮತ್ತು ಆ ವಾರವನ್ನು ಅನುಭವಿಸಬೇಕಾದವನು ನೀವಲ್ಲ.

ನಿಮ್ಮ ಅಭಿಪ್ರಾಯ ಬೇರೆಯಿದ್ದರೆ ಎಂದಿನಂತೆ ಬರೆಯಿರಿ, ಓದುತ್ತೇನೆ. ‘ನಾಯಿ ತಾನೇ’ ಎಂಬ ಎರಡು ಪದಗಳನ್ನು ಬಿಟ್ಟು ಬರೆಯಿರಿ, ಅಷ್ಟೇ.