ಕೊಳದಲ್ಲಿ ಸಿಕ್ಕ ಕೆಂಪು ಬಾಳೆ

ಒಮ್ಮೆ ಅಂಟಿದ ಹೆಸರು ಸುಲಭಕ್ಕೆ ಬಿಡುವುದಿಲ್ಲ. 2014ರ ನವೆಂಬರ್ 1ರಂದು ಗುಲ್ಬರ್ಗ ಅಧಿಕೃತವಾಗಿ ಕಲಬುರಗಿಯಾಯಿತು. ಸರ್ಕಾರಿ ಕಾಗದಗಳೂ ಬಸ್ಸಿನ ಬೋರ್ಡುಗಳೂ ಬದಲಾದವು. ಆದರೆ ಹಿರಿಯರನೇಕರ ಬಾಯಲ್ಲಿ ಇಂದಿಗೂ ಬರುವುದು ಗುಲ್ಬರ್ಗವೇ. ಊರಿನ ಹೆಸರಿನ ಕಥೆಯೇ ಹೀಗಾದರೆ, ಹತ್ತನೆಯ ತರಗತಿಯ ಹುಡುಗರು ಒಬ್ಬರಿಗೊಬ್ಬರು ಇಟ್ಟ ಹೆಸರಿನ ಪಾಡೇನು? ಇಪ್ಪತ್ತೈದು ವರ್ಷದ ಮೇಲೆ ಗುರುವಂದನೆಗೆ ಸೇರಿದಾಗ, ತಲೆ ನರೆತ ಇಂಜಿನಿಯರನನ್ನೂ ಕಿರಾಣಿ ಅಂಗಡಿಯ ಸಾಹುಕಾರನನ್ನೂ ಗೆಳೆಯರು ಕೂಗುವುದು ಆ ಹಳೆಯ ಹೆಸರಿನಿಂದಲೇ.

ಇಂಥ ಹೆಸರುಗಳ ಕಾರ್ಖಾನೆಯೇ 'ಫಿಶ್ ಪಾಂಡ್'. ಎಸ್ಸೆಸ್ಸೆಲ್ಸಿ ಮಕ್ಕಳ ಬೀಳ್ಕೊಡುಗೆಯ ದಿನ ಒಂದು ರಟ್ಟಿನ ಡಬ್ಬಿಯ ತುಂಬ ಚೀಟಿಗಳಿರುತ್ತವೆ. ಡಬ್ಬಿಯೇ ಕೊಳ, ಚೀಟಿಗಳೇ ಮೀನು. ಹೆಸರು ಕರೆದಾಗ ಎದ್ದು ಬಂದು, ತನ್ನ ಮೀನನ್ನು ತಾನೇ ಹಿಡಿದು, ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು.

ಕೆಲವು ವರ್ಷಗಳ ಹಿಂದೆ ಕಲಬುರಗಿಯ ಒಂದು ಬಾಲಕರ ಪ್ರೌಢಶಾಲೆಯಲ್ಲಿ ಬರೆದ ಚೀಟಿಗಳಿಗೆ ವಿಜ್ಞಾನ ಪುಸ್ತಕದ ವಾಸನೆ ತುಸು ಹೆಚ್ಚೇ ಇತ್ತು. ಒಬ್ಬನಿಗೆ 'ಹೀಲಿಯಂ' ಎಂದು ಹೆಸರು. ಹೀಲಿಯಂ 1868ರಲ್ಲಿ ಸೂರ್ಯನ ಬೆಳಕಿನಲ್ಲಿ ಕಂಡಿತು. ಭೂಮಿಯ ಮೇಲೆ ವಿಜ್ಞಾನಿಗಳ ಕೈಗೆ ಸಿಕ್ಕಿದ್ದು 1895ರಲ್ಲಿ. ಈ ಹುಡುಗನೂ ಮೊದಲು ಕಂಡದ್ದು ಬಿಸಿಲಿನ ಆಟದ ಮೈದಾನದಲ್ಲಿ, ತರಗತಿಯಲ್ಲಿ ಸಿಕ್ಕಿದ್ದು ಬಹಳ ತಡವಾಗಿ! ಇನ್ನೊಬ್ಬ 'ಜೆರಾಕ್ಸ್'. ಗೆಳೆಯನ ನೋಟ್ಸು ನಕಲು ಮಾಡುವ ಭರದಲ್ಲಿ ಒಮ್ಮೆ ಗೆಳೆಯನ ಹೆಸರನ್ನೂ ರೋಲ್ ನಂಬರನ್ನೂ ನಕಲು ಮಾಡಿ ಒಪ್ಪಿಸಿದ್ದ.

ಚೀಟಿ ಬರೆಯುವ ಸಮಿತಿಯಲ್ಲಿದ್ದವರು ಮೂವರು. ಅವರಿಗೂ ಬಿರುದುಗಳಿದ್ದವು. ಮೊದಲನೆಯವನು 'ಕ್ರಿಯಾವರ್ಧಕ'. ಅವನು ಯಾರ ಮಧ್ಯೆ ಕೂತರೂ ಅಲ್ಲಿ ಜಗಳ ಶುರು. ಜಗಳ ಮುಗಿದಾಗ ಮಾತ್ರ ಇವನ ಅಂಗಿಯ ಗುಂಡಿಯೂ ಅಲುಗಿರುತ್ತಿರಲಿಲ್ಲ. ಎರಡನೆಯವನು 'ಆರ್ಕಿಮಿಡೀಸ್'. ಉತ್ತರ ಹೊಳೆದೊಡನೆ ಬೆಂಚು ಹತ್ತಿ ಕೂಗುತ್ತಿದ್ದ. ಉತ್ತರ ಬಹುಮಟ್ಟಿಗೆ ತಪ್ಪಾಗಿರುತ್ತಿತ್ತು ಎಂಬುದು ಬೇರೆ ಮಾತು. ಮೂರನೆಯವನು 'ಡಬ್ಬಿ ಇನ್ಸ್‌ಪೆಕ್ಟರ್'. ಮುಚ್ಚಳ ತೆಗೆಯದೆಯೇ, ಇದು ಯಾರ ಮನೆಯ ಶೇಂಗಾ ಹಿಂಡಿ ಎಂದು ವಾಸನೆಯಿಂದ ಹೇಳಬಲ್ಲವನು.

ಬರೆದ ಚೀಟಿಗಳನ್ನೆಲ್ಲ ಮೊದಲು ತರಗತಿ ಶಿಕ್ಷಕರಾದ ಗಣಿತದ ಮಾಸ್ತರರು ನೋಡಬೇಕೆಂಬ ಕಟ್ಟಳೆ. ಮೈಬಣ್ಣದ ಮೇಲೆ ಬರೆದದ್ದು, ದಪ್ಪ ದೇಹದ ಮೇಲೆ ಬರೆದದ್ದು, ಅಪ್ಪನ ಕಸುಬಿನ ಮೇಲೆ ಬರೆದದ್ದು, ಎಲ್ಲವನ್ನೂ ಅವರು ಹರಿದು ಬುಟ್ಟಿಗೆ ಹಾಕಿದರು.

"ಸರ್, ಬರೇ ಚ್ಯಾಷ್ಟಿ ರೀ" ಎಂದ ಕ್ರಿಯಾವರ್ಧಕ.

"ಚ್ಯಾಷ್ಟಿ ಇದ್ರ, ಯಾರ ಮ್ಯಾಲ ಬರ್ದೀರಿ ಅವನೂ ನಗಬೇಕಲ್ಲ?" ಎಂದರು ಮಾಸ್ತರರು.

ಕೊನೆಯ ಚೀಟಿ ಕಮಲಾಪುರದಿಂದ ಬರುತ್ತಿದ್ದ ಹುಡುಗನದು. ಅದರ ಮೇಲೆ 'ಲೇಟ್ ಲತೀಫ್' ಎಂದಿತ್ತು. ಪ್ರಾರ್ಥನೆ ಮುಗಿದು ಹಾಜರಿ ಕೂಗಿದ ಮೇಲೆ ಬಾಗಿಲಲ್ಲಿ ನಿಲ್ಲುವುದು ಅವನ ನಿತ್ಯದ ಪದ್ಧತಿ. ಮಾಸ್ತರರು ಅದನ್ನು ಹರಿಯಲಿಲ್ಲ. "ಅಂವ ಮನಿ ಬಿಡೂದು ಎಷ್ಟಕ್ಕ?" ಎಂದಷ್ಟೇ ಕೇಳಿದರು. ಮೂವರೂ ಮುಖ ಮುಖ ನೋಡಿಕೊಂಡರು. "ಅಳತಿ ಮಾಡದೆ ಉತ್ತರ ಬರದ್ರ ನಾ ಮಾರ್ಕ್ಸ್ ಕೊಡಂಗಿಲ್ಲ" ಎಂದು ಚೀಟಿ ಹಿಂದಿರುಗಿಸಿದರು.

ಅಳೆಯೋಣವೆಂದರೆ ಆ ಹುಡುಗನೇ ಒಂಬತ್ತು ದಿನದಿಂದ ಶಾಲೆಗೆ ಬಂದಿರಲಿಲ್ಲ. ಪೂರ್ವಸಿದ್ಧತಾ ಪರೀಕ್ಷೆಯ ಗಣಿತದಲ್ಲಿ ನಪಾಸಾದವನು ಹಾಗೆಯೇ ಮಾಯವಾಗಿದ್ದ. ಭಾನುವಾರ ಮೂವರೂ ಹುಮನಾಬಾದ್ ಕಡೆಯ ಬಸ್ಸು ಹತ್ತಿದರು. ಮಹಾಗಾಂವ್ ಕ್ರಾಸ್ ದಾಟಿ, 35 ಕಿಲೋಮೀಟರಿನ ಆಸುಪಾಸಿನಲ್ಲಿರುವ ಕಮಲಾಪುರದಲ್ಲಿ ಇಳಿದು ಕೇಳುತ್ತ ಹೋದರೆ, ಗೆಳೆಯ ಬಾಳೆಯ ತೋಟದಲ್ಲಿ ಗೊನೆಯ ಭಾರಕ್ಕೆ ಬಾಗಿದ ಗಿಡಕ್ಕೆ ಕೋಲಿನ ಆಸರೆ ಕೊಡುತ್ತಿದ್ದ.

"ಲೇಟ್ ಲತೀಫ್ ಅಂತ ಎಲ್ಲರ ಮುಂದ ಓದಸ್ಬೇಕಂತ ಮಾಡೀರಂತ, ಖರೇನ?" ಎಂದು ಮೊದಲಿಗೇ ಕೇಳಿದ. ಸುದ್ದಿ ಅವರಿಗಿಂತ ಮುಂಚಿನ ಬಸ್ಸಿನಲ್ಲಿ ಬಂದಿತ್ತು! ಯಾರೂ ಮಾತಾಡಲಿಲ್ಲ. "ನಾ ಪರೀಕ್ಷಾಕ್ಕ ಕೂಡಂಗಿಲ್ಲ. ಪಾಸ್ ಆಗೂದ್ರಾಗೂ ಲೇಟೇ ಆಗ್ತೀನಿ, ಬಿಡ್ರಿ" ಎಂದು ನಕ್ಕ. ಆ ನಗೆಯಲ್ಲಿ ನಗೆಯಿರಲಿಲ್ಲ.

ಅಪ್ಪ ಗೊನೆಯೊಂದನ್ನು ತೋರಿಸಿದರು. ಕಮಲಾಪುರದ ಕೆಂಪು ಬಾಳೆಗೆ ಜಿ.ಐ. ಟ್ಯಾಗ್ ಇದೆ, ಸುತ್ತಲಿನ ಈ ನೆಲದ ಹೆಸರಿನಲ್ಲೇ ಅದಕ್ಕೆ ಮಾನ್ಯತೆ. "ಏನ್ ಕಾಕಾ, ಇದಕ್ಯಾಕ ಇಷ್ಟ್ ಬೆಲಿ?" ಎಂದ ಡಬ್ಬಿ ಇನ್ಸ್‌ಪೆಕ್ಟರ್.

"ಬ್ಯಾರೆ ಬಾಳಿ ವರ್ಷದಾಗ ಕೈಗಿ ಬರ್ತದ ತಮ್ಮಾ. ಈ ಕೆಂಪದು ಒಂದೂವರಿ ವರ್ಷ ಕಾಯಸ್ತದ. ತಡಾ ಆಯ್ತಂತ ಗಿಡಕ್ಕ ಯಾರೂ ಬೈಯಂಗಿಲ್ಲ."

ಅಷ್ಟರಲ್ಲಿ ಒಲೆಯ ಮೇಲಿನ ಜೋಳದ ರೊಟ್ಟಿಯ ವಾಸನೆ ಬಂತು. ಡಬ್ಬಿ ಇನ್ಸ್‌ಪೆಕ್ಟರ್ ರಾತ್ರಿ ಅಲ್ಲೇ ಉಳಿಯುವ ಠರಾವು ಮಂಡಿಸಿದ. ಮನೆಗಳಿಗೆ ಫೋನು ಹೋಯಿತು. ಗೆಳೆಯನೂ ಮಾರನೆಯ ದಿನ ಒಂದು ಸಲ ಶಾಲೆಗೆ ಬರಲು ಒಪ್ಪಿದ.

ಬೆಳಗಿನ ನಾಲ್ಕೂವರೆಗೆ ಎಬ್ಬಿಸಿದಾಗ ಆರ್ಕಿಮಿಡೀಸನಿಗೆ ಭೂಕಂಪವಾದಂತೆ ಅನ್ನಿಸಿತು. ತೋಟಕ್ಕೆ ನೀರು ತಿರುಗಿಸಿ, ಗೊನೆ ಹೊತ್ತು ಟಂಟಂಗೆ ತುಂಬಿಸುವ ಹೊತ್ತಿಗೆ ಎಂಟು ಗಂಟೆ. ಮೊದಲನೆಯ ಬಸ್ಸು ತುಂಬಿ ಬಂದು, ಕೈ ಬೀಸಿದರೂ ನಿಲ್ಲದೆ ಹೋಯಿತು. ಎರಡನೆಯದರ ಬಾಗಿಲಲ್ಲಿ ಜೋತಾಡಿಕೊಂಡು ಶಾಲೆ ಮುಟ್ಟಿದಾಗ ಪ್ರಾರ್ಥನೆ ಮುಗಿದು, ಹಾಜರಿಯೂ ಮುಗಿದಿತ್ತು. ಬಾಗಿಲಲ್ಲಿ ಅಂದು ಒಬ್ಬನಲ್ಲ, ನಾಲ್ವರು!

"ಯಾಕ್ರಪಾ ಲೇಟು?" ಎಂದರು ಮಾಸ್ತರರು.

"ಅಳತಿ ಮಾಡ್ಲಾಕ ಹೋಗಿದ್ವಿ ಸರ್" ಎಂದ ಕ್ರಿಯಾವರ್ಧಕ.

ಆ ವಾರದಿಂದ ಊಟದ ಬಿಡುವಿನಲ್ಲಿ ನಾಲ್ವರ ಗಣಿತದ ಪಾಠ ಶುರುವಾಯಿತು. ಗುರು ಆರ್ಕಿಮಿಡೀಸ್. ಅವನು ಬೆಂಚು ಹತ್ತಿ ಕೂಗುವ ಉತ್ತರಗಳ ತಪ್ಪು ಹಿಡಿಯುತ್ತ ಹಿಡಿಯುತ್ತ ಕಮಲಾಪುರದವನಿಗೆ ಗಣಿತದ ಭಯ ಬಿಟ್ಟಿತು.

ಬೀಳ್ಕೊಡುಗೆಯ ದಿನ ಅವನ ಸರದಿ ಬಂದಾಗ ತರಗತಿ ನಿಶ್ಶಬ್ದವಾಯಿತು. ಮೀನು ಹಿಡಿದು, ಮಡಿಕೆ ಬಿಚ್ಚಿ ಓದಿದ: "ಕೆಂಪು ಬಾಳೆ. ಬರೂದು ತಡಾ. ಬೆಲಿ ಮಾತ್ರ ಸಂತ್ಯಾಗ ಕೇಳ್ರಿ." ಮೊದಲು ನಕ್ಕವನು ಅವನೇ. ಅಪ್ಪ ಕಳಿಸಿದ ಹಣ್ಣನ್ನು ಎಲ್ಲರಿಗೂ ಒಂದೊಂದು ಹಂಚಿದ. ಡಬ್ಬಿ ಇನ್ಸ್‌ಪೆಕ್ಟರಿಗೆ ಎರಡು ಸಿಕ್ಕವು. ಹೇಗೆ ಎಂಬುದು ತನಿಖೆಯ ವಿಷಯ.

ಮಕ್ಕಳೇ, ನೀವೂ ಇನ್ನು ಕೆಲವೇ ದಿನಗಳಲ್ಲಿ ಗೆಳೆಯರ ಆಟೋಗ್ರಾಫ್ ಪುಸ್ತಕದಲ್ಲಿ, ಚೀಟಿಯಲ್ಲಿ ಏನಾದರೂ ಬರೆಯಲಿದ್ದೀರಿ. ದೂರದಿಂದ ನೋಡಿದರೆ ಕಾಣುವುದು ಬಣ್ಣ, ಎತ್ತರ, ದಪ್ಪ, ತಡ. ಅವುಗಳ ಮೇಲೆ ಬರೆಯುವುದಕ್ಕೆ ಗೆಳೆಯನೇ ಆಗಬೇಕಿಲ್ಲ, ಬೀದಿಯಲ್ಲಿ ಹೋಗುವವನೂ ಬರೆಯಬಲ್ಲ. ಹತ್ತಿರ ಹೋಗಿ ನೋಡಿದವನು ಮಾತ್ರ ಬರೆಯಬಲ್ಲ ಹಾಸ್ಯವಿದೆ, ಅದನ್ನು ಬರೆಯಿರಿ. ಪಾಲಕರೂ ಅಂಕಪಟ್ಟಿಯ ಜೊತೆಗೆ ಆ ಪುಸ್ತಕವನ್ನೊಮ್ಮೆ ತಿರುವಿಹಾಕಬೇಕು. ಮನೆಯಲ್ಲಿ ಕಾಣದ ಮಗ ಅಲ್ಲಿ ಕಂಡಾನು; ಅವನು ನುಂಗಿಕೊಂಡ ಮಾತೂ ಕಂಡೀತು.

ಪರೀಕ್ಷೆಯ ದಿನಗಳಲ್ಲಿ ಕೆಂಪು ಬಾಳೆ ಉಳಿದದ್ದು ಕ್ರಿಯಾವರ್ಧಕನ ಮನೆಯಲ್ಲಿ. ಗಣಿತದಲ್ಲಿ ಹೆಚ್ಚೇನೂ ಬರಲಿಲ್ಲ, ಪಾಸಾಗುವಷ್ಟು ಬಂತು. ಆದರೆ ಗಣಿತದ ಪತ್ರಿಕೆಯ ದಿನ ಪರೀಕ್ಷಾ ಕೇಂದ್ರದ ಗೇಟು ಇನ್ನೂ ತೆರೆದಿರದಾಗ, ಅಲ್ಲಿ ಎಲ್ಲರಿಗಿಂತ ಮೊದಲು ಬಂದು ನಿಂತಿದ್ದವನು ಅವನೇ.