ನಿಯೋಬಿಯಂನ ಒಳಮೈ ತಿದ್ದಿದ ಅರವತ್ತು ವರ್ಷ

1965ರಲ್ಲಿ ಸ್ಟ್ಯಾನ್‌ಫರ್ಡ್‌ನ ವಿಜ್ಞಾನಿಗಳು ಸೀಸ ಲೇಪಿಸಿದ ಅತಿವಾಹಕ ಕುಹರದಲ್ಲಿ, ಅಂದರೆ ರೇಡಿಯೊ ಅಲೆಗಳಿಂದ ಕಣಗಳನ್ನು ತಳ್ಳುವ ಲೋಹದ ಟೊಳ್ಳಿನಲ್ಲಿ, ಎಲೆಕ್ಟ್ರಾನುಗಳ ವೇಗ ಹೆಚ್ಚಿಸಿ ತೋರಿಸಿದರು. ತಾಮ್ರದ ಕುಹರಕ್ಕೆ ಉಣಿಸಿದ ರೇಡಿಯೊ ಶಕ್ತಿಯಲ್ಲಿ ದೊಡ್ಡ ಪಾಲು ಗೋಡೆಯಲ್ಲೇ ಶಾಖವಾಗಿ ಹೋಗುತ್ತದೆ. ಅತಿವಾಹಕದಲ್ಲಿ ಆ ನಷ್ಟ ಲಕ್ಷಪಟ್ಟು ಕಡಿಮೆ. ಆದರೂ ಮುಂದಿನ ದಶಕವಿಡೀ ಕೆಲಸ ಕುಂಟಿತು. ಬಿಡಿ ಎಲೆಕ್ಟ್ರಾನುಗಳು ಗೋಡೆಗೆ ಬಡಿದು ಬಡಿದು ಸಂಖ್ಯೆ ಹೆಚ್ಚಿಸಿಕೊಂಡು ಶಕ್ತಿಯನ್ನೆಲ್ಲ ನುಂಗುತ್ತಿದ್ದವು. ಕುಹರಕ್ಕೆ ದುಂಡನೆಯ ಆಕಾರ ಕೊಟ್ಟ ಮೇಲೆ ಆ ಪೀಡೆ ತಗ್ಗಿತು.

ಅಲ್ಲಿಂದೀಚಿನ ಕಥೆಯೆಲ್ಲ ಮೇಲ್ಮೈಯದು. ರೇಡಿಯೊ ಕ್ಷೇತ್ರ ಸೀಸದ ಬದಲಿಗೆ ಬಂದ ಅತಿವಾಹಕ ಲೋಹ ನಿಯೋಬಿಯಂನೊಳಕ್ಕೆ ಇಳಿಯುವುದು ಕೆಲವು ಹತ್ತು ನ್ಯಾನೋಮೀಟರುಗಳಷ್ಟೇ. ಅಲ್ಲೊಂದು ಧೂಳಿನ ಕಣ ಕೂತರೆ, ಲೋಹದಲ್ಲೊಂದು ಕಲ್ಮಶ ಉಳಿದರೆ, ಇಡೀ ಕುಹರ ಬಿಸಿಯಾಗಿ ಅತಿವಾಹಕತೆ ಕಳೆದುಕೊಳ್ಳುತ್ತದೆ. 1990ರ ದಶಕದಲ್ಲಿ ಬ್ಯೋರ್ನ್ ವೀಕ್ ನಾಯಕತ್ವದಲ್ಲಿ ಹ್ಯಾಂಬರ್ಗ್‌ನ ಡೇಸಿ ಪ್ರಯೋಗಾಲಯದ ಸುತ್ತ ಕೂಡಿದ ಟೆಸ್ಲಾ ಎಂಬ ಸಂಶೋಧಕರ ಬಳಗ ಹಿಡಿದ ವೇಗವರ್ಧನೆಯ ಗುರಿ ಮೀಟರಿಗೆ 25 ಮೆಗಾವೋಲ್ಟ್. ಅಮೆರಿಕದ ಜೆಫರ್ಸನ್ ಪ್ರಯೋಗಾಲಯ ಆಗ ಕಟ್ಟುತ್ತಿದ್ದ ಯಂತ್ರದ ವಿನ್ಯಾಸ ಕೇವಲ 5ಕ್ಕೆ ಇತ್ತು. ಶುದ್ಧ ಲೋಹ, ಧೂಳಿಲ್ಲದ ಕೋಣೆ, ಅಧಿಕ ಒತ್ತಡದ ನೀರಿನಲ್ಲಿ ತೊಳೆತ, ವಿದ್ಯುತ್ ಪಾಲಿಶ್, 120 ಡಿಗ್ರಿಯ ಹದವಾದ ಕಾವು: ಹೆಸರು ಮಾಡದ ತಂತ್ರಜ್ಞರು ಈ ಕೆಲಸಗಳನ್ನು ಸಾವಿರಾರು ಸಲ ಮಾಡಿ ಗುರಿ ಮುಟ್ಟಿಸಿದರು. ಬಳಗ ಬಯಸಿದ್ದ ಕಣಘರ್ಷಕ ಇನ್ನೂ ಎದ್ದಿಲ್ಲ. ಆದರೆ ಅದೇ ಮಾದರಿಯ ಕುಹರಗಳು 2017ರಿಂದ ಯುರೋಪಿನ ಎಕ್ಸ್‌-ಕಿರಣ ಲೇಸರಿನಲ್ಲಿ ದುಡಿಯುತ್ತಿವೆ. ಫಲ ಉಣ್ಣುತ್ತಿರುವವರಲ್ಲಿ ಜೀವವಿಜ್ಞಾನಿಗಳೂ ಇದ್ದಾರೆ.

ಕಳೆದ ದಶಕದ ದೊಡ್ಡ ಬೆಳವಣಿಗೆ ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ. ಕಲ್ಮಶ ತೆಗೆಯಲು ಅಷ್ಟು ಕಾಲ ದುಡಿದ ಮೇಲೆ, ಫರ್ಮಿಲ್ಯಾಬ್‌ನ ಆನಾ ಗ್ರಾಸೆಲ್ಲಿನೊ ತಂಡ 2013ರಲ್ಲಿ ತೋರಿಸಿದ್ದು, ಬಿಸಿ ಕುಲುಮೆಯಲ್ಲಿ ಸ್ವಲ್ಪ ನೈಟ್ರೋಜನ್ ಹೊಗಿಸಿದರೆ ನಷ್ಟ ಅರ್ಧಕ್ಕೂ ಇಳಿಯಬಲ್ಲದು ಎಂದು. ಕುಹರ ದುಡಿಯುವ 2 ಕೆಲ್ವಿನ್‌ನಲ್ಲಿ ಹುಟ್ಟುವ ಒಂದು ವ್ಯಾಟ್ ಶಾಖವನ್ನು ಹೊರಹಾಕಲು ನೂರಾರು ವ್ಯಾಟ್ ವಿದ್ಯುತ್ ಬೇಕು. ಹಾಗಾಗಿ ನಷ್ಟದ ಇಳಿಕೆ ನೇರವಾಗಿ ಯಂತ್ರದ ಗಾತ್ರ, ಖರ್ಚುಗಳ ಪ್ರಶ್ನೆ. 2023ರಲ್ಲಿ ಬೆಳಕು ಹರಿಸಿದ ಕ್ಯಾಲಿಫೋರ್ನಿಯಾದ ಎಕ್ಸ್‌-ಕಿರಣ ಲೇಸರ್ ಎಲ್‌ಸಿಎಲ್‌ಎಸ್‌-2 ಈ ವಿಧಾನದ ಮೇಲೆಯೇ ನಿಂತಿದೆ. ಇನ್ನು ಮುಂದೆ ಯಂತ್ರಗಳನ್ನು ಅಳೆಯಬೇಕಾದದ್ದು ಮೆಗಾವೋಲ್ಟಿಗಿಂತ ಹೆಚ್ಚಾಗಿ ಅವು ತಿನ್ನುವ ವಿದ್ಯುತ್ತಿನಿಂದ ಎಂದು ನಾನು ನಂಬುತ್ತೇನೆ. 4 ಕೆಲ್ವಿನ್ ಆಸುಪಾಸಿನಲ್ಲೇ ನಡೆಯಬಲ್ಲ ನಿಯೋಬಿಯಂ-ತವರ ಲೇಪ ಅದಕ್ಕೇ ಮುಖ್ಯ. ಅದು ಗಾಜಿನಂತೆ ಪೆಡಸು, ಹದ ಪೂರ್ತಿ ಸಿಕ್ಕಿಲ್ಲ.

ಭಾರತ ಇದರಲ್ಲಿ ಹೊರಗಿನದಲ್ಲ. ಮುಂಬೈಯಲ್ಲಿ ಸೀಸ ಲೇಪದ, ದೆಹಲಿಯಲ್ಲಿ ನಿಯೋಬಿಯಂನ ಕುಹರಗಳು ಅಯಾನುಗಳನ್ನು ಓಡಿಸಿವೆ. ಫರ್ಮಿಲ್ಯಾಬ್‌ನ ಪಿಐಪಿ-2 ವೇಗವರ್ಧಕ ಯೋಜನೆಗಾಗಿ ಇಂದೋರ್, ಮುಂಬೈ, ಕೋಲ್ಕತ್ತಾ, ದೆಹಲಿಯ ಸಂಸ್ಥೆಗಳು ದುಡಿಯುತ್ತಿವೆ. ಈ ಕೈಚಳಕ ಪರದೇಶದ ಯಂತ್ರಕ್ಕೆ ಬಿಡಿಭಾಗ ಒದಗಿಸುವಲ್ಲಿಗೇ ನಿಲ್ಲಬಾರದು. ಥೋರಿಯಂ ಬಳಕೆಗೆಂದು ನಾವು ಬಹುಕಾಲದಿಂದ ಮಾತಾಡುತ್ತಿರುವ ಭಾರೀ ಪ್ರೋಟಾನ್ ಯಂತ್ರಕ್ಕೆ ಹಣ, ಜಾಗ, ಗಡುವುಗಳನ್ನು ಗೊತ್ತುಮಾಡಬೇಕು. ಇಂದೋರಿನಲ್ಲಿ ಕುಹರ ತೊಳೆಯಲು ಕಲಿತ ತಲೆಮಾರು ನಿವೃತ್ತಿಯಾಗುವ ಮೊದಲೇ ಅದು ಆಗಬೇಕು.