ಇಪ್ಪತ್ತೆಂಟು ಕರೆದ ಗೆಳೆಯ

ಮಂಗಳೂರಿನಿಂದ ಬೆಂಗಳೂರಿಗೆ ಹಗಲು ರೈಲಿನಲ್ಲಿ ಹೊರಟ ಕಾಲೇಜು ಹುಡುಗರು ಪುತ್ತೂರು ದಾಟುವ ಮೊದಲೇ ಏನು ಮಾಡುತ್ತಾರೆ? ಕಿಟಕಿಯಾಚೆಯ ಪ್ರಕೃತಿಯನ್ನು ಸವಿಯುತ್ತಾರೆ ಎಂದು ಹೆತ್ತವರು ನಂಬಿದ್ದರೆ ಅದು ಅವರ ಒಳ್ಳೆಯತನ. ಸೀಟುಗಳ ನಡುವೆ ಪೆಟ್ಟಿಗೆಯೊಂದು ಅಡ್ಡ ಬಿದ್ದು, ಅದರ ಮೇಲೆ ಟವೆಲು ಹರಡಿ, ಇಸ್ಪೀಟು ಕಟ್ಟು ಹೊರಬಂದಿರುತ್ತದೆ. ಆಟ ಹೆಚ್ಚಾಗಿ ಇಪ್ಪತ್ತೆಂಟು.

ಆಡದವರಿಗಾಗಿ ಎರಡು ಮಾತು. 32 ಎಲೆ, ನಾಲ್ಕು ಮಂದಿ. ಎದುರುಬದುರು ಕೂತವರು ಜೊತೆಗಾರರು. ಇಲ್ಲಿ ರಾಜ-ರಾಣಿಯರಿಗೆ ಅಂಕವಿಲ್ಲ, ಗುಲಾಮನೇ ದೊಡ್ಡವನು! ಅವನಿಗೆ 3, ಒಂಬತ್ತಕ್ಕೆ 2, ಎಕ್ಕ ಮತ್ತು ಹತ್ತಕ್ಕೆ ಒಂದೊಂದು. ಎಲ್ಲ ಕೂಡಿದರೆ 28. ಮೊದಲು ನಾಲ್ಕೇ ಎಲೆ ಹಂಚುತ್ತಾರೆ. ಅಷ್ಟನ್ನೇ ನೋಡಿ ಎಷ್ಟು ಅಂಕ ಗೆಲ್ಲುತ್ತೇವೆಂದು ಕರೆಯಬೇಕು, ತುರುಫು ಎಲೆಯನ್ನು ಮಗುಚಿ ಇಡಬೇಕು. ಇಪ್ಪತ್ತೆಂಟನ್ನೇ ಕರೆದವನು ಒಂದು ಅಂಕವನ್ನೂ ಬಿಟ್ಟುಕೊಡುವಂತಿಲ್ಲ. ಎದುರಿಗೆ ಕೂತ ಜೊತೆಗಾರನ ಕೈಯಲ್ಲಿ ಏನಿದೆಯೋ, ಕೇಳುವಂತೆಯೂ ಇಲ್ಲ.

ಸುಬ್ರಹ್ಮಣ್ಯ ರೋಡ್ ದಾಟಿದರೆ ಸಕಲೇಶಪುರದವರೆಗೆ ಘಟ್ಟ, 57 ಸುರಂಗಗಳು. ಗೇಜ್ ಪರಿವರ್ತನೆಗಾಗಿ 1996ರಲ್ಲಿ ನಿಂತ ಈ ದಾರಿಯಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಸುರಂಗದೊಳಗೆ ಡಬ್ಬಿ ಕತ್ತಲಾದಾಗ ಎಲ್ಲರೂ ಎಲೆಗಳನ್ನು ಎದೆಗೊತ್ತಿಕೊಳ್ಳುತ್ತಾರೆ. ಬೆಳಕಾದ ಕೂಡಲೇ ‘ಎಲೆ ನೋಡಿದ್ದು ಯಾರು ಮಾರಾಯ?’ ಎಂಬ ಜಗಳ.

ಅಂಥದೊಂದು ಪ್ರವಾಸದಲ್ಲಿ, ಎರಡು ಸುರಂಗಗಳ ನಡುವಿನ ಬೆಳಕಿನಲ್ಲಿ, ಒಬ್ಬ ಹುಡುಗ ತನ್ನ ಮೊದಲ ನಾಲ್ಕು ಎಲೆ ಎತ್ತಿದನೆಂದು ಇಟ್ಟುಕೊಳ್ಳಿ. ಆಟೀನಿನ ಗುಲಾಮ, ಒಂಬತ್ತು, ಎಕ್ಕ, ಹತ್ತು. ಅವನು ‘ಇಪ್ಪತ್ತೆಂಟು’ ಎಂದ, ಗೆದ್ದೂಬಿಟ್ಟ. ಎರಡು ವರ್ಷದ ನಂತರ ಹೆದ್ದಾರಿಯ ಅಪಘಾತದಲ್ಲಿ ಅವನು ಹೋದ. ಉಳಿದ ಮೂವರು ಒಟ್ಟು ಸೇರಿದಾಗಲೆಲ್ಲ ಬಾಯಿಗೆ ಬರುವುದು ಅವನ ರ‍್ಯಾಂಕೂ ಅಲ್ಲ, ಬಹುಮಾನವೂ ಅಲ್ಲ. ಆ ನಾಲ್ಕು ಎಲೆ.

‘ಅವನ ಅದೃಷ್ಟವೇ ಅದೃಷ್ಟ’ ಎನ್ನುತ್ತಾರೆ. ಎಷ್ಟು ದೊಡ್ಡ ಅದೃಷ್ಟ? ಲೆಕ್ಕ ಪಿಯುಸಿ ವಿದ್ಯಾರ್ಥಿಗೆ ಕಷ್ಟವಲ್ಲ. 32 ಎಲೆಗಳಿಂದ ನಾಲ್ಕನ್ನು 35,960 ಬಗೆಯಲ್ಲಿ ಆರಿಸಬಹುದು. ಆಟೀನು, ಇಸ್ಪೀಟು, ಕಳಾವರ್, ಡೈಮನ್ ಎಂದು ಬೇಕಾದ ಬಗೆ ನಾಲ್ಕೇ. ಅಂದರೆ 8,990ಕ್ಕೆ ಒಂದು. ಆದರೆ ಆಡುವವರು ನಾಲ್ವರು. ಯಾರಿಗಾದರೂ ಒಬ್ಬರಿಗೆ ಬಿದ್ದರೆ ಸಾಕೆಂದರೆ ಸುಮಾರು 2,250 ಹಂಚಿಕೆಗೆ ಒಮ್ಮೆ. ಅದೂ ಎಲೆ ಚೆನ್ನಾಗಿ ಕಲಸಿದ್ದರೆ. 52 ಎಲೆಯ ಕಟ್ಟು ಸರಿಯಾಗಿ ಬೆರೆಯಲು ಏಳು ಸಲವಾದರೂ ಕಲಸಬೇಕೆಂದು ಗಣಿತಜ್ಞರಾದ ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್ 1992ರಲ್ಲಿ ತೋರಿಸಿದ್ದಾರೆ. ಓಡುವ ರೈಲಿನಲ್ಲಿ ಏಳು ಸಲ ಕಲಸುವ ತಾಳ್ಮೆ ಯಾರಿಗಿದೆ? ಹಿಂದಿನ ಆಟದಲ್ಲಿ ಜೊತೆಗಾರನ ಗುಲಾಮನ ಮೇಲೆ ಅಂಕದ ಎಲೆಗಳನ್ನು ಎಸೆದಿರುತ್ತಾರೆ, ಅವು ಒಟ್ಟಿಗೇ ಉಳಿದಿರುತ್ತವೆ, ಹಂಚುವುದೂ ನಾಲ್ಕು ನಾಲ್ಕಾಗಿ. ಅದೃಷ್ಟದಲ್ಲಿ ಸೋಮಾರಿತನದ ಪಾಲೂ ಇದೆ.

ಇಷ್ಟು ವಿವರಿಸಿದರೂ ಆ ಮೂವರಲ್ಲಿ ಯಾರೂ ಒಪ್ಪುವುದಿಲ್ಲ. ಒಪ್ಪಬೇಕಾಗಿಯೂ ಇಲ್ಲ. ಎಲೆ ಯಾರಿಗೂ ಬೀಳಬಹುದಿತ್ತು; ಜೊತೆಗಾರನ ಮುಖವನ್ನೊಮ್ಮೆ ನೋಡಿ ಇಪ್ಪತ್ತೆಂಟು ಎನ್ನುವ ಎದೆಗಾರಿಕೆ ಅವನದೇ ಆಗಿತ್ತು. ಉಳಿದ ನಾಲ್ಕು ಎಲೆ ಇನ್ನೂ ಹಂಚಿರಲೇ ಇಲ್ಲವಲ್ಲ!

ಇಸ್ಪೀಟು ಎಂದರೆ ಹುಬ್ಬುಗಂಟಿಕ್ಕುವ ಹೆತ್ತವರ ಭಯ ಸುಳ್ಳಲ್ಲ. ಹಣ ನಡುವೆ ಬಂತೆಂದರೆ ಗೆಳೆತನವೂ ಕೆಡುತ್ತದೆ, ಓದೂ ಕೆಡುತ್ತದೆ. ಅದಕ್ಕೆ ರಿಯಾಯಿತಿ ಬೇಡ. ಆದರೆ ಗೆಳೆಯನನ್ನು ಕಳೆದುಕೊಂಡ ಮಗ ಮನೆಯಲ್ಲಿ ಆ ಆಟದ ಮಾತು ತೆಗೆದಾಗ ‘ಇನ್ನೂ ಅದೇ ಧ್ಯಾನವಾ?’ ಎಂದು ಬಾಯಿ ಮುಚ್ಚಿಸುವವರಿದ್ದಾರೆ. ಮೂವರಿಗೆ ರಮ್ಮಿ ಆಡಬಹುದು. ಜೊತೆ ಕಟ್ಟಿ ಇಪ್ಪತ್ತೆಂಟು ಆಡಲಾಗದು. ಆ ಸಂಕಟ ಅಂಕಪಟ್ಟಿಯಲ್ಲಿ ಕಾಣುವಂಥದಲ್ಲ.

ತೀರಿಹೋದವನ ಮನೆಗೆ ಹೋದ ಹುಡುಗರು ಏನು ಮಾತಾಡುವುದೆಂದು ತಿಳಿಯದೆ ತಲೆ ತಗ್ಗಿಸಿ ಚಾ ಕುಡಿದು ಎದ್ದುಬರುತ್ತಾರೆ. ಆ ರೈಲಿನ ಕತೆಯನ್ನೇ ಹೇಳಬಾರದೇಕೆ? ‘ಗುಲಾಮನಿಗೆ ಎಷ್ಟು ಅಂಕ ಮಗಾ?’ ಎಂದು ಆ ತಾಯಿ ಕೇಳಿದರೆ, ಆಟವನ್ನು ಮೊದಲಿನಿಂದ ವಿವರಿಸಬೇಕಾದೀತು, ಅಷ್ಟೇ.